ಹಡಗಿನ ಊಟ: ಮೊದಲನೆಯ ಪಂಕ್ತಿಯೋ, ಎರಡನೆಯದೋ?



ಕೆಲವು ದಿನಗಳ ಹಿಂದೆ ನನ್ನ ಮಿತ್ರರೊಬ್ಬರು ಅಚ್ಚಾದ ಕಾಗದವೊಂದನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. ತಾಯಿ, ಪತ್ನಿ ಮತ್ತು ಮಗಳೊಡನೆ ಅವರು ವಿಹಾರನೌಕೆಯೊಂದರಲ್ಲಿ ಸಮುದ್ರಯಾನಕ್ಕೆ ಹೊರಡುವವರಿದ್ದರು. ಕಾಗದದಲ್ಲಿ ಹೆಸರು, ವಯಸ್ಸು, ವಿಳಾಸ ಎಲ್ಲವನ್ನೂ ತುಂಬಿದ್ದರು. ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರೆದಿರಲಿಲ್ಲ: ರಾತ್ರಿಯ ಊಟ ಆರು ಘಂಟೆಗೋ, ಎಂಟೂವರೆ ಘಂಟೆಗೋ? “ಟಿಕೇಟಿಗೆ ಹಣ ಕಟ್ಟುವಾಗಲೂ ಮನೆಯಲ್ಲಿ ಇಷ್ಟು ಚರ್ಚೆ ನಡೆಯಲಿಲ್ಲ, ಸ್ವಾಮಿ” ಎಂದರು. ತಾಯಿಯವರಿಗೆ ದೀಪ ಹಚ್ಚುವ ಹೊತ್ತಿಗೆ ಊಟ ಮುಗಿಯಬೇಕು. ಮಗಳಿಗೆ ಹಡಗಿನ ಮೇಲಟ್ಟದಲ್ಲಿ ನಿಂತು ಸೂರ್ಯಾಸ್ತವನ್ನು ನೋಡಬೇಕು. ಪತ್ನಿಯವರು, “ಯಾವ ಹೊತ್ತಾದರೂ ಸರಿ, ನಾನು ಅಡಿಗೆ ಮಾಡಬೇಕಾಗಿಲ್ಲವಷ್ಟೆ” ಎಂದು ತೀರ್ಪು ಕೊಟ್ಟಿದ್ದರಂತೆ.

ಚರಿತ್ರೆಯನ್ನು ಬೋಧಿಸುವವರಲ್ಲಿ ಒಂದು ದೋಷವುಂಟು. ಘಂಟೆ ಎಷ್ಟೆಂದು ಕೇಳಿದರೆ ಅವರು ಶತಮಾನದಿಂದ ಆರಂಭಿಸುತ್ತಾರೆ. ಆ ದೋಷಕ್ಕೆ ಅನುಸಾರವಾಗಿ ನಾನು ಮಿತ್ರರಿಗೆ ಹೇಳಿದ ಮಾತುಗಳನ್ನೇ ಈ ಹೊತ್ತು ತಮ್ಮ ಮುಂದೆಯೂ ಇಡುತ್ತೇನೆ.

ಹಡಗಿನವರ ಈ ಏರ್ಪಾಡು ನಮಗೆ ಹೊಸದಲ್ಲ. ಮದುವೆಯ ಮನೆಗೆ ಮುನ್ನೂರು ಜನ ಬಂದು, ನೂರೈವತ್ತು ಎಲೆ ಹಾಕುವಷ್ಟೇ ಸ್ಥಳವಿದ್ದರೆ ನಾವು ಏನು ಮಾಡುತ್ತೇವೆ? ಮೊದಲನೆಯ ಪಂಕ್ತಿ, ಎರಡನೆಯ ಪಂಕ್ತಿ ಎಂದು ವಿಭಾಗಿಸುತ್ತೇವೆ. ಈ ಪದ್ಧತಿ ಸ್ಥಳದ ಅಭಾವದಿಂದ ಹುಟ್ಟಿದುದು. ಆದರೆ ಯಾವ ಪಂಕ್ತಿಯಲ್ಲಿ ಯಾರು ಎಂಬುದು ಸ್ಥಳದ ಪ್ರಶ್ನೆಯಾಗಿಯೇ ಉಳಿಯುವುದಿಲ್ಲ. ಬೀಗರನ್ನು ಎರಡನೆಯ ಪಂಕ್ತಿಗೆ ಕಾಯಿಸಿ ನೋಡಿದರೆ ಇದು ತಿಳಿಯುತ್ತದೆ. ಹಡಗಿನ ಊಟದ ಚರಿತ್ರೆಯೂ ಹೀಗೆಯೇ ಸ್ಥಳದ ಪ್ರಶ್ನೆಯಿಂದ ಮರ್ಯಾದೆಯ ಪ್ರಶ್ನೆಗೆ ಹರಿದುಬಂದಿದೆ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಯೂರೋಪಿನಿಂದ ಅಮೆರಿಕಕ್ಕೆ ವಲಸೆ ಹೋಗುತ್ತಿದ್ದ ಬಡವರಿಗೆ ಹಡಗಿನಲ್ಲಿ ಊಟದ ಹೊತ್ತೆಂಬುದೇ ಇರಲಿಲ್ಲ. ತಂದ ಸಾಮಾನನ್ನಾಗಲಿ, ಹಡಗಿನವರು ಅಳೆದುಕೊಟ್ಟ ಹಿಟ್ಟು ಧಾನ್ಯಗಳನ್ನಾಗಲಿ ಹಿಡಿದುಕೊಂಡು ಒಲೆಯ ಮುಂದೆ ಕಾಯಬೇಕು. ತೋಳಿನಲ್ಲಿ ಬಲವಿದ್ದವರ ಪಾತ್ರೆ ಮೊದಲು ಒಲೆ ಏರುತ್ತಿತ್ತು. ರೋಗಿಗಳೂ ಮಕ್ಕಳೊಂದಿಗಳೂ ಕಡೆಯವರು. ಅಲ್ಲಿ ಪಂಕ್ತಿ ಇಲ್ಲ, ನೂಕುನುಗ್ಗಲು ಮಾತ್ರ. ಇಂತಿಷ್ಟು ಹೊತ್ತಿಗೆ ಇಂಥವರಿಗೆ ಊಟ ಎಂದು ನಿಯಮ ಮಾಡುವುದು ಸ್ವಾತಂತ್ರ್ಯವನ್ನು ಕಿತ್ತುಕೊಂಡಂತೆ ಈಗ ನಮಗೆ ಕಾಣಬಹುದು. ಆ ಜನರಿಗೆ ಅದೊಂದು ದೊಡ್ಡ ರಕ್ಷಣೆಯಾಗುತ್ತಿತ್ತು.

ಹಣವುಳ್ಳವರ ಸ್ಥಿತಿಯೂ ಆಗ್ಗೆ ಬಹಳ ಸುಖಕರವಾಗಿರಲಿಲ್ಲ. ೧೮೪೦ರಲ್ಲಿ ಕ್ಯುನಾರ್ಡ್ ಕಂಪೆನಿಯ ‘ಬ್ರಿಟಾನಿಯ’ ಎಂಬ ಉಗಿಹಡಗು ಲಿವರ್‌ಪೂಲಿನಿಂದ ಬಾಸ್ಟನ್ನಿಗೆ ಸಂಚಾರವನ್ನು ಆರಂಭಿಸಿತು. ಅದರಲ್ಲಿ ಸುಮಾರು ೧೧೫ ಪ್ರಯಾಣಿಕರಿಗೆ ಸ್ಥಳವಿತ್ತು. ಹಾಲಿಗಾಗಿ ಹಸುವೊಂದನ್ನೂ ಕಟ್ಟಿಕೊಂಡಿದ್ದರು. ೧೮೪೨ರ ಜನವರಿಯಲ್ಲಿ ಈ ಹಡಗಿನಲ್ಲಿ ಹೋದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು, ಚಿತ್ರದಲ್ಲಿ ಅರಮನೆಯಂತೆ ಕಂಡಿದ್ದ ಭೋಜನಶಾಲೆ ವಾಸ್ತವವಾಗಿ ಎಷ್ಟು ಇಕ್ಕಟ್ಟಾಗಿತ್ತೆಂಬುದನ್ನು ತನ್ನ ಅಮೆರಿಕದ ಪ್ರವಾಸಕಥನದಲ್ಲಿ ಹಾಸ್ಯವಾಗಿ ವರ್ಣಿಸಿದ್ದಾನೆ. ಮಧ್ಯಾಹ್ನ ಒಂದು ಘಂಟೆಗೆ ಒಮ್ಮೆ, ಸಾಯಂಕಾಲ ಐದು ಘಂಟೆಗೆ ಮತ್ತೊಮ್ಮೆ ಊಟದ ಘಂಟೆ ಬಾರಿಸುತ್ತಿತ್ತೆಂದು ಅವನ ಬರೆವಣಿಗೆಯಿಂದ ತಿಳಿಯುತ್ತದೆ. ಉದ್ದನೆಯ ಮೇಜುಗಳು, ಎಲ್ಲರಿಗೂ ಒಂದೇ ಸಾಲು, ಒಂದೇ ಹೊತ್ತು. ಅಲೆ ಎದ್ದಾಗ ತಟ್ಟೆಗಳು ಜಾರದಂತೆ ಮೇಜಿನ ಮೇಲೆ ಮರದ ಅಡ್ಡಪಟ್ಟಿಗಳನ್ನು ಕೂರಿಸುವುದು ಅಂದಿನ ಹಡಗುಗಳ ವಾಡಿಕೆ.

ಪ್ರಥಮ ದರ್ಜೆಯವರ ಮುಖ್ಯ ಊಟ ಅಂದು ಸಂಜೆ ಐದಕ್ಕಿತ್ತೆಂಬುದನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ‘ಡಿನ್ನರ್’ ಎಂಬುದು ಹದಿನಾರನೆಯ ಶತಮಾನದಲ್ಲಿ ಮಧ್ಯಾಹ್ನದ ಊಟ. ಹದಿನೆಂಟನೆಯ ಶತಮಾನದಲ್ಲಿ ಶ್ರೀಮಂತರು ಅದನ್ನು ಮೂರು, ನಾಲ್ಕು ಘಂಟೆಗೆ ತಳ್ಳಿದರು. ವಿಕ್ಟೋರಿಯ ರಾಣಿಯ ಕಾಲದ ನಡುಭಾಗಕ್ಕೆ ಅದು ಏಳು, ಎಂಟು ಘಂಟೆಗೆ ಸರಿಯಿತು. ಕಚೇರಿಯ ಕೆಲಸ ಸಂಜೆಯವರೆಗೂ ಬೆಳೆದುದು ಒಂದು ಕಾರಣ. ದೀಪದ ಸೌಕರ್ಯ ಹೆಚ್ಚಿದುದು ಮತ್ತೊಂದು. ಇವೆರಡಕ್ಕೂ ಮೀರಿದ ಕಾರಣವೆಂದರೆ ಅಂತಸ್ತು. ಬೆಳಗ್ಗೆ ಬೇಗನೆ ಎದ್ದು ದುಡಿಯಬೇಕಾದವನು ತಡವಾಗಿ ಉಣ್ಣಲಾರ. ಆದುದರಿಂದ ತಡವಾಗಿ ಉಣ್ಣುವುದೇ, ತಾನು ದುಡಿಯಬೇಕಾಗಿಲ್ಲವೆಂದು ಸಾರುವ ಒಂದು ಬಗೆಯಾಯಿತು. ನಮ್ಮಲ್ಲಿ ಮರ್ಯಾದೆ ಮೊದಲನೆಯ ಪಂಕ್ತಿಗೆ ಸಲ್ಲುತ್ತದೆ. ಅವರಲ್ಲಿ ಅದು ತಡವಾದ ಊಟಕ್ಕೆ ಸಂದಿತು.

ಈ ಭೇದವನ್ನು ಅಟ್ಟ ಅಟ್ಟವಾಗಿ ಕಾಣಬೇಕಾದರೆ ೧೯೧೨ರಲ್ಲಿ ಮುಳುಗಿದ ‘ಟೈಟಾನಿಕ್’ ಹಡಗನ್ನು ನೋಡಬಹುದು. ಅದರ ಪ್ರಥಮ ದರ್ಜೆಯ ಭೋಜನಶಾಲೆಯಲ್ಲಿ ೫೦೦ಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕೂರಬಹುದಾಗಿತ್ತು. ಆ ದರ್ಜೆಯಲ್ಲಿ ಪ್ರಯಾಣ ಮಾಡಿದವರು ಅದಕ್ಕಿಂತ ಕಡಮೆ. ಆದುದರಿಂದ ಅವರಿಗೆ ಪಂಕ್ತಿಯ ಚಿಂತೆಯಿರಲಿಲ್ಲ. ಕಹಳೆಯವನು ಊದಿದಾಗ ಉಡುಪು ಬದಲಾಯಿಸಿಕೊಂಡು ಇಳಿದುಬಂದರೆ ಸಾಕು. ಮೂರನೆಯ ದರ್ಜೆಯ ಭೋಜನಶಾಲೆಯಲ್ಲಿ ಇದ್ದ ಆಸನಗಳು ೪೭೩. ಪ್ರಯಾಣಿಕರು ಸುಮಾರು ೭೦೦. ಅವರು ಸರದಿಯ ಮೇಲೆ ಉಣ್ಣಬೇಕಾಗಿತ್ತು. ಅವರ ಅಚ್ಚಾದ ಊಟದ ಪಟ್ಟಿಯಲ್ಲಿ ‘ಡಿನ್ನರ್’ ಎಂಬುದು ಮಧ್ಯಾಹ್ನದ ಊಟವೇ ಆಗಿತ್ತು. ಸಂಜೆಗೆ ಚಹ, ರಾತ್ರಿಗೆ ಗಂಜಿ, ಬಿಸ್ಕತ್ತು, ಗಿಣ್ಣು. ಒಂದೇ ಹಡಗು, ಒಂದೇ ಗಡಿಯಾರ. ಆದರೂ ಒಂದೇ ಹೆಸರಿನ ಊಟ ಮೇಲೊಂದು ಹೊತ್ತಿಗೆ, ಕೆಳಗೊಂದು ಹೊತ್ತಿಗೆ.

ಭಾರತೀಯರು ಈ ಮೇಜುಗಳನ್ನು ಎರಡು ಕಡೆಯಿಂದಲೂ ಕಂಡರು. ೧೮೮೮ರ ಸೆಪ್ಟೆಂಬರ್ ೪ರಂದು ಮುಂಬಯಿಯಿಂದ ‘ಕ್ಲೈಡ್’ ಎಂಬ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟ ಹದಿನೆಂಟು ವರ್ಷದ ಗಾಂಧಿಯವರು ಯಾವ ಪಂಕ್ತಿಗೂ ಸೇರಲಿಲ್ಲ. ಚಾಕು ಮುಳ್ಳುಗಳನ್ನು ಹಿಡಿಯುವ ಕ್ರಮ ಅವರಿಗೆ ತಿಳಿಯದು. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಬಡಿಸುವವರನ್ನು ಕೇಳುವ ಧೈರ್ಯವೂ ಇಲ್ಲ. ಆದುದರಿಂದ ಅವರು ತಮ್ಮ ಕೊಠಡಿಯಲ್ಲಿಯೇ ಕುಳಿತು, ಮನೆಯಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳಲ್ಲಿ ದಿನ ಕಳೆದರೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮೇಜಿನ ಆಚೆಯ ಕಡೆ ನಿಂತವರಲ್ಲಿಯೂ ನಮ್ಮವರಿದ್ದರು. ಭಾರತಕ್ಕೆ ಬಂದುಹೋಗುತ್ತಿದ್ದ ಪಿ. ಆಂಡ್ ಓ. ಕಂಪೆನಿಯ ಹಡಗುಗಳ ಭೋಜನಶಾಲೆಗಳಲ್ಲಿಯೂ ಅಡಿಗೆಮನೆಗಳಲ್ಲಿಯೂ ಗೋವೆಯವರು ಬಹು ಸಂಖ್ಯೆಯಲ್ಲಿ ದುಡಿದರು. ಇವರ ಮಾತಿಗೆ ಕಡೆಯಲ್ಲಿ ಮತ್ತೆ ಬರುತ್ತೇನೆ.

ಊಟದ ಹೊತ್ತನ್ನು ತಾನೇ ಆರಿಸಿಕೊಳ್ಳುವ ಅಧಿಕಾರ ಮೊದಲು ಮಾರಾಟಕ್ಕೆ ಬಂದುದು ೧೯೦೫ರಲ್ಲಿ. ಆ ವರ್ಷ ಹ್ಯಾಂಬರ್ಗ್-ಅಮೆರಿಕ ಕಂಪೆನಿಯವರ ‘ಅಮೆರಿಕ’ ಎಂಬ ಹಡಗಿನಲ್ಲಿ ರಿಟ್ಜ್-ಕಾರ್ಲ್‌ಟನ್ ಹೆಸರಿನ ಉಪಾಹಾರಗೃಹವನ್ನು ತೆರೆದರು. ಬೇಕಾದ ಹೊತ್ತಿಗೆ, ಬೇಕಾದ ಭಕ್ಷ್ಯವನ್ನು, ಬೇಕಾದವರೊಡನೆ ಕುಳಿತು ತಿನ್ನಬಹುದು. ಆದರೆ ಅದಕ್ಕೆ ಬೇರೆ ಹಣ ತೆರಬೇಕು. ಇದಾದ ಮೇಲೆ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ದೊಡ್ಡ ಹಡಗುಗಳು ಮತ್ತೊಂದು ಬಗೆಯ ವೈಭವಕ್ಕೆ ಸ್ಪರ್ಧಿಸಿದವು. ೧೯೩೫ರ ಫ್ರೆಂಚ್ ಹಡಗು ‘ನಾರ್ಮಂಡಿ’ಯ ಭೋಜನಶಾಲೆ ೩೦೫ ಅಡಿ ಉದ್ದವಾಗಿದ್ದು, ೭೦೦ ಜನರಿಗೆ ಸ್ಥಳವನ್ನು ಕೊಡುತ್ತಿತ್ತು. ೧೯೩೬ರ ‘ಕ್ವೀನ್ ಮೇರಿ’ಯಲ್ಲಿ ಅತ್ಯುನ್ನತ ದರ್ಜೆಯ ಸುಮಾರು ೮೦೦ ಮಂದಿ ಒಂದೇ ಸಲಕ್ಕೆ ಕೂರುತ್ತಿದ್ದರು. ಅಲ್ಲಿಯ ಗೋಡೆಯ ಮೇಲಿನ ದೊಡ್ಡ ಭೂಪಟದಲ್ಲಿ ಪುಟ್ಟ ಸ್ಫಟಿಕದ ಹಡಗೊಂದು ಚಲಿಸುತ್ತ, ತಾವು ಸಮುದ್ರದಲ್ಲಿ ಎಲ್ಲಿದ್ದೇವೆಂಬುದನ್ನು ಉಣ್ಣುವವರಿಗೆ ತೋರಿಸುತ್ತಿತ್ತು. ಎರಡನೆಯ ಪಂಕ್ತಿ ಇಲ್ಲದಿರುವುದೇ ಆಗ ಹೆಮ್ಮೆಯ ವಿಷಯ.

೧೯೫೮ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ದಾಟತೊಡಗಿದವು. ಆರು ದಿನದ ದಾರಿ ಕೆಲವೇ ಘಂಟೆಗಳಿಗೆ ಇಳಿಯಿತು. ಊರಿಗೆ ಹೋಗುವುದಕ್ಕಾಗಿ ಹಡಗು ಹತ್ತುವವರು ವಿರಳರಾದರು. ಹಡಗಿನಲ್ಲಿರುವುದಕ್ಕಾಗಿಯೇ ಹಡಗು ಹತ್ತುವವರು ಬಂದರು. ೧೯೬೦ರ ದಶಕದ ಉತ್ತರಾರ್ಧದಿಂದ ಫ್ಲಾರಿಡದ ಮಯಾಮಿ ಮೊದಲಾದ ಬಂದರುಗಳಲ್ಲಿ ಈ ವಿಹಾರನೌಕೆಗಳ ವ್ಯಾಪಾರ ಬೆಳೆಯಿತು. ದರ್ಜೆಗಳ ಗೋಡೆ ಬಹುಮಟ್ಟಿಗೆ ಬಿದ್ದುಹೋಯಿತು. ಎಲ್ಲರಿಗೂ ಒಂದೇ ಭೋಜನಶಾಲೆ ಎಂದಾದಾಗ ಹಳೆಯ ಸ್ಥಳದ ಪ್ರಶ್ನೆ ಹಿಂದಿರುಗಿತು. ಅದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳವಾದುದು. ಪ್ರಯಾಣಿಕರಲ್ಲಿ ಒಂದು ಅರ್ಧ ಊಟ ಮಾಡುತ್ತಿರುವಾಗ ಮತ್ತೊಂದು ಅರ್ಧಕ್ಕೆ ನಾಟಕಶಾಲೆಯಲ್ಲಿ ಸಂಗೀತ ನೃತ್ಯ. ಆಮೇಲೆ ಇವರು ಅಲ್ಲಿಗೆ, ಅವರು ಇಲ್ಲಿಗೆ. ಹೀಗೆ ಮಾಡಿದರೆ ಎರಡು ಶಾಲೆಗಳನ್ನೂ ಅರ್ಧ ಜನಕ್ಕೆ ಸಾಕಾಗುವಷ್ಟೇ ಕಟ್ಟಬಹುದು. ಅಡಿಗೆಯವರಿಗೂ ಭಾರ ಎರಡು ಪಾಲಾಗುತ್ತದೆ. ಆರು ಮತ್ತು ಎಂಟೂವರೆಯ ಆಸುಪಾಸಿನ ಎರಡು ಪಂಕ್ತಿಗಳು ರೂಢಿಗೆ ಬಂದುದು ಹೀಗೆ.

ಈ ಪದ್ಧತಿಯ ಗುಣದೋಷಗಳನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ಮೊದಲನೆಯ ಪಂಕ್ತಿ ವೃದ್ಧರಿಗೂ ಮಕ್ಕಳಿಗೂ ಹಿತ. ಜೀರ್ಣಕ್ಕೆ ಸಮಯವಿರುತ್ತದೆ, ಬೇಗನೆ ಮಲಗಬಹುದು. ಆದರೆ ಹಡಗು ಸಾಮಾನ್ಯವಾಗಿ ಬಂದರನ್ನು ಬಿಡುವುದೂ ಸಂಜೆಯ ವೇಳೆಯೇ. ದಡ ದೂರ ಸರಿಯುವ ದೃಶ್ಯವನ್ನು ಬಿಟ್ಟು ಮೇಜಿಗೆ ಓಡಬೇಕಾಗುತ್ತದೆ. ಹಿಂದೆ ಮತ್ತೊಂದು ಪಂಕ್ತಿ ಕಾದಿರುವುದರಿಂದ, ಊಟ ಮುಗಿದ ಮೇಲೆ ಹರಟೆಗೆ ಅವಕಾಶವಿಲ್ಲ. ಎರಡನೆಯ ಪಂಕ್ತಿಯವರಿಗೆ ಬಂದರಿನಲ್ಲಿ ನಿಧಾನವಾಗಿ ತಿರುಗಾಡಿ ಬರಲು ಹೊತ್ತುಂಟು, ಎಬ್ಬಿಸುವವರಿಲ್ಲ. ಆದರೆ ಎದ್ದೇಳುವ ಹೊತ್ತಿಗೆ ಹತ್ತು ಘಂಟೆಯಾಗಿರುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಹದಿನೈದು ರೇಖಾಂಶಕ್ಕೆ ಒಂದು ಘಂಟೆಯ ಲೆಕ್ಕದಲ್ಲಿ, ಪೂರ್ವಕ್ಕೆ ಹೋಗುವ ಹಡಗಿನ ಗಡಿಯಾರವನ್ನು ಆಗಾಗ ಮುಂದಕ್ಕೆ ತಿರುಗಿಸಬೇಕು. ಅಂತಹ ದಿನ ಹಡಗಿನ ಆರು ಘಂಟೆ ಹೊಟ್ಟೆಗೆ ಐದು ಘಂಟೆ. ಪಶ್ಚಿಮಕ್ಕೆ ಹೋಗುವಾಗ ಇದಕ್ಕೆ ವಿರುದ್ಧ. ಆಗ ತಡವಾದ ಪಂಕ್ತಿಯವರು ಹಸಿವಿನಿಂದ ಬಳಲುತ್ತಾರೆ.

೨೦೦೦ದಲ್ಲಿ ನಾರ್ವೀಜಿಯನ್ ಕಂಪೆನಿಯವರು ಈ ಕಟ್ಟನ್ನೇ ಬಿಚ್ಚಿಬಿಟ್ಟರು. ಬೇಕಾದ ಹೊತ್ತಿಗೆ, ಬೇಕಾದ ಮೇಜಿಗೆ ಬರಬಹುದೆಂದು ಸಾರಿದರು. ಮತ್ತೆ ಕೆಲವು ಕಂಪೆನಿಗಳೂ ಅದನ್ನು ಅನುಸರಿಸಿ, ನಿಯತವಾದ ಎರಡು ಪಂಕ್ತಿಗಳ ಜೊತೆಗೆ ಇದನ್ನೂ ಮೂರನೆಯ ಆಯ್ಕೆಯಾಗಿ ಇಟ್ಟವು. ೧೯೦೫ರಲ್ಲಿ ಧನಿಕರು ಹೆಚ್ಚು ಹಣ ಕೊಟ್ಟು ಕೊಂಡ ಸ್ವಾತಂತ್ರ್ಯ ಹೀಗೆ ಸಾಮಾನ್ಯರಿಗೂ ದೊರೆಯಿತು. ಇದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ನಿಯತವಾದ ಪಂಕ್ತಿಯಲ್ಲಿ ಪ್ರತಿರಾತ್ರಿಯೂ ಅದೇ ಮೇಜು, ಅದೇ ನೆರೆಯವರು, ಬಡಿಸುವವನೂ ಅವನೇ. ಮೂರನೆಯ ದಿನಕ್ಕೆ ಅವನಿಗೆ ನಿಮ್ಮ ತಾಯಿಗೆ ಖಾರ ಸಲ್ಲದೆಂದು ತಿಳಿದಿರುತ್ತದೆ, ನಿಮಗೆ ಅವನ ಮಕ್ಕಳೆಷ್ಟೆಂದು ತಿಳಿದಿರುತ್ತದೆ. ಬೇಕಾದ ಹೊತ್ತಿಗೆ ಉಣ್ಣುವವನಿಗೆ ಈ ಪರಿಚಯ ಬೆಳೆಯುವುದು ಕಷ್ಟ.

ಇಷ್ಟನ್ನೂ ಕೇಳಿದ ಮಿತ್ರರು, “ಮಗಳು ಆ ಮೂರನೆಯದನ್ನೇ ಹೇಳುತ್ತಾಳೆ. ಅಜ್ಜಿ ಆರಕ್ಕೆ ಉಣ್ಣಲಿ, ನಾನು ಎಂಟೂವರೆಗೆ ಉಣ್ಣುತ್ತೇನೆ ಎನ್ನುತ್ತಾಳೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆಯಲ್ಲಿಯೂ ಈಗ ಹಾಗೆಯೇ ನಡೆಯುತ್ತಿದೆ. ನಾಲ್ವರೂ ಒಟ್ಟಿಗೆ ಎಲೆಯ ಮುಂದೆ ಕುಳಿತದ್ದು ಯಾವಾಗಲೋ ನೆನಪಿಲ್ಲ” ಎಂದು ಸೇರಿಸಿದರು. ನಾನು ಏನನ್ನೂ ಹೇಳಬೇಕಾಗಲಿಲ್ಲ. ಅವರು ಜೇಬಿನಿಂದ ಲೇಖನಿಯನ್ನು ತೆಗೆದು ಆರು ಘಂಟೆಯ ಮುಂದೆ ಗುರುತು ಹಾಕಿದರು. ಸೂರ್ಯಾಸ್ತಕ್ಕೆ ಬದಲು ಸೂರ್ಯೋದಯವನ್ನು ತೋರಿಸುವುದಾಗಿ ಮಗಳಿಗೆ ಮಾತು ಕೊಡುವರಂತೆ. ಕಾಲೇಜಿಗೆ ಹೋಗುವ ಹುಡುಗಿ ಸೂರ್ಯೋದಯಕ್ಕೆ ಏಳುವಳೇ ಎಂಬುದರಲ್ಲಿ ನನಗೆ ಸಂಶಯವಿದೆ.

ಅವರನ್ನು ಬಾಗಿಲವರೆಗೆ ಕಳುಹಿಸುವಾಗ ಒಂದು ಮಾತು ಹೇಳಿದೆ; ಅದನ್ನೇ ತಮಗೂ ಹೇಳಿ ಮುಗಿಸುತ್ತೇನೆ. ನಮ್ಮ ಮದುವೆಗಳಲ್ಲಿ ಬಡಿಸಿದವರಿಗಾಗಿ ಕಡೆಯ ಪಂಕ್ತಿಯೊಂದು ನಡೆಯುತ್ತದೆ. ಆಗ ಮನೆಯ ಯಜಮಾನನು ತಾನೇ ಬಂದು ವಿಚಾರಿಸುವುದುಂಟು. ಹಡಗಿನಲ್ಲಿಯೂ ಅಂತಹ ಪಂಕ್ತಿಯೊಂದಿದೆ. ಅದನ್ನು ಯಾವ ಕಾಗದದಲ್ಲಿಯೂ ಅಚ್ಚು ಮಾಡಿಲ್ಲ. ಹಿಂದೆ ಗೋವೆಯವರು ಕುಳಿತ ಆ ಪಂಕ್ತಿಯಲ್ಲಿ ಇಂದು ಫಿಲಿಪೈನ್ಸಿನವರೂ ಇಂಡೊನೇಷ್ಯದವರೂ ನಮ್ಮ ದೇಶದವರೂ ಕೂರುತ್ತಾರೆ. ಎರಡೂ ಪಂಕ್ತಿಗಳಿಗೆ ಬಡಿಸಿ, ಮರುದಿನಕ್ಕೆ ಮೇಜು ಅಣಿಮಾಡಿದ ಮೇಲೆ ಅವರ ಊಟ. ನಾವು ಆರು ಘಂಟೆಗೆ ಕುಳಿತರೂ ಸರಿ, ಎಂಟೂವರೆಗೆ ಕುಳಿತರೂ ಸರಿ, ಹೊತ್ತಿಗೆ ಸರಿಯಾಗಿ ಕುಳಿತು ಹೊತ್ತಿಗೆ ಸರಿಯಾಗಿ ಎದ್ದರೆ ಆ ಜನ ಅರ್ಧ ಘಂಟೆ ಮೊದಲು ಉಣ್ಣುತ್ತಾರೆ.