ಟ್ಯೂಬ್‌ಲೈಟಿನೊಳಗಿನ ಕೊಡು-ಕೊಳ್ಳು

ಟ್ಯೂಬ್‌ಲೈಟಿನೊಳಗೆ ಏನಿದೆ ಎಂದು ಕೇಳಿದರೆ ನಮ್ಮ ಮಕ್ಕಳು ಥಟ್ಟನೆ "ಪಾದರಸದ ಆವಿ ಸಾರ್" ಎನ್ನುತ್ತಾರೆ. ತಪ್ಪಲ್ಲ. ಆದರೆ ಉರಿಯುವ ಕೊಳವೆಯಲ್ಲಿ ಪಾದರಸದ ಆವಿಯ ಪಾಲು ಸಾವಿರಕ್ಕೆ ಎರಡೋ ಮೂರೋ ಅಷ್ಟೆ. ಉಳಿದದ್ದು ಸಾಮಾನ್ಯವಾಗಿ ಆರ್ಗಾನ್. ಬೆಳಕು ಕೊಡುವುದು ಪಾದರಸ, ತುಂಬಿಕೊಂಡಿರುವುದು ಆರ್ಗಾನ್! ಏನನ್ನೂ ಮಾಡದ 'ಜಡ ಅನಿಲ' ಎಂದು ನಾವು ಪಾಠ ಹೇಳುವ ಈ ಆರ್ಗಾನಿಗೆ ಅಲ್ಲೇನು ಕೆಲಸ? ಇದನ್ನು ತಿಳಿಯಲು ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

1914ರಲ್ಲಿ ಬರ್ಲಿನ್‌ನಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಗುಸ್ತಾವ್ ಹರ್ಟ್ಜ್ ಪಾದರಸದ ಆವಿಯೊಳಗೆ ಎಲೆಕ್ಟ್ರಾನುಗಳನ್ನು ಹಾಯಿಸಿದರು. ಎಲೆಕ್ಟ್ರಾನಿನ ಬಳಿ 4.9 ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ ಶಕ್ತಿ ಇದ್ದರೆ ಅದು ಡಿಕ್ಕಿ ಹೊಡೆದು ಹಾಗೆಯೇ ಪುಟಿಯುತ್ತಿತ್ತು. 4.9 ಮುಟ್ಟಿತೋ, ಅಷ್ಟನ್ನೂ ಪರಮಾಣುವಿಗೆ ಒಪ್ಪಿಸಿಬಿಡುತ್ತಿತ್ತು. ಶಕ್ತಿ ಪಡೆದ ಪರಮಾಣು ಅದನ್ನು ಸುಮಾರು 254 ನ್ಯಾನೋಮೀಟರಿನ ನೇರಳಾತೀತ ಬೆಳಕಾಗಿ ಹೊರಚೆಲ್ಲುತ್ತಿತ್ತು. ಪರಮಾಣು ಅಯಾನಾಗುತ್ತಿದೆ ಎಂದೇ ಇಬ್ಬರೂ ಮೊದಲು ಭಾವಿಸಿದ್ದರು. ಅಲ್ಲ, ಅದು ಒಂದು ಮೆಟ್ಟಿಲು ಮೇಲೇರಿ ಇಳಿಯುತ್ತಿದೆ ಎಂದು ತೋರಿಸಿಕೊಟ್ಟವರು ನೀಲ್ಸ್ ಬೋರ್.

1921ರಲ್ಲಿ ಓಸ್ಕರ್ ಕ್ಲೈನ್ ಮತ್ತು ಸ್ವೈನ್ ರೋಸ್‌ಲಾಂಡ್ ಒಂದು ಸರಳ ಪ್ರಶ್ನೆ ಎತ್ತಿದರು. ಎಲೆಕ್ಟ್ರಾನ್ ಪರಮಾಣುವಿಗೆ ಶಕ್ತಿ ಕೊಡಬಲ್ಲುದಾದರೆ, ಉತ್ತೇಜಿತ ಪರಮಾಣುವೂ ಬೆಳಕು ಚೆಲ್ಲದೆಯೇ ಡಿಕ್ಕಿಯಲ್ಲಿ ಶಕ್ತಿಯನ್ನು ತಿರುಗಿ ಕೊಡಬೇಕಲ್ಲವೆ? ಇಲ್ಲವಾದರೆ ಉಷ್ಣದ ಲೆಕ್ಕವೇ ಸರಿಹೋಗದು. ಇಂಥ ಡಿಕ್ಕಿಗಳಿಗೆ 'ಎರಡನೆಯ ಬಗೆಯ ಡಿಕ್ಕಿ' ಎಂಬ ಹೆಸರಾಯಿತು.

ಇದನ್ನು ಕಣ್ಣಿಗೆ ಕಾಣಿಸಿದ್ದು ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ, 1922-23ರಲ್ಲಿ. ಆಗ ಅಲ್ಲಿ ಪ್ರೊಫೆಸರ್ ಆಗಿದ್ದ ಫ್ರಾಂಕ್ ಮತ್ತು ಅವರ ಜೊತೆಗಾರ ಗುಂಥರ್ ಕಾರಿಯೊ, ಪಾದರಸ ಮತ್ತು ಥಾಲಿಯಂ ಆವಿಗಳ ಮಿಶ್ರಣದ ಮೇಲೆ ಪಾದರಸದ್ದೇ ನೇರಳಾತೀತ ಬೆಳಕನ್ನು ಹಾಯಿಸಿದರು. ಥಾಲಿಯಂ ಒಂದೇ ಇದ್ದರೆ ಈ ಬೆಳಕಿಗೆ ಮಿಸುಕುವುದೂ ಇಲ್ಲ. ಮಿಶ್ರಣದಲ್ಲಿ ಮಾತ್ರ ಥಾಲಿಯಮ್ಮಿನ 535 ನ್ಯಾನೋಮೀಟರಿನ ಹಸಿರು ಗೆರೆ ಮತ್ತು 378ರ ನೇರಳಾತೀತ ಗೆರೆ ಬೆಳಗಿದವು! ಬೆಳಕನ್ನು ಉಂಡದ್ದು ಪಾದರಸ, ಬೆಳಗಿದ್ದು ಥಾಲಿಯಂ. ಮಕ್ಕಳಿಗೆ ನಾವು ಅಂಗಡಿ ಲೆಕ್ಕದಲ್ಲಿ ಹೇಳುವುದುಂಟು: ಪಾದರಸದ ಕೈಯಲ್ಲಿ 4.9ರ ನೋಟು, ಥಾಲಿಯಮ್ಮಿಗೆ ಬೇಕಾದದ್ದು 3.3. ಉಳಿದ ಚಿಲ್ಲರೆ ಎರಡೂ ಪರಮಾಣುಗಳ ಓಟದ ವೇಗವಾಗಿ ಹಂಚಿಹೋಗುತ್ತದೆ.

ಫ್ರಾಂಕ್ ಮತ್ತು ಹರ್ಟ್ಜ್‌ಗೆ 1925ರ ನೊಬೆಲ್ ಬಂತು. 1933ರಲ್ಲಿ ಹಿಟ್ಲರನ ಸರಕಾರ ಯಹೂದಿಗಳನ್ನು ನೌಕರಿಯಿಂದ ಕಿತ್ತುಹಾಕುವ ಕಾನೂನು ತಂದಾಗ, ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಫ್ರಾಂಕ್‌ಗೆ ವಿನಾಯಿತಿ ಇತ್ತು. ಸುಮ್ಮನಿದ್ದರೆ ಕುರ್ಚಿ ಉಳಿಯುತ್ತಿತ್ತು. ಅವರು ಬಹಿರಂಗವಾಗಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು, ದೇಶ ಬಿಟ್ಟರು. ಅವರ ಚಿನ್ನದ ನೊಬೆಲ್ ಪದಕ ಕೋಪನ್‌ಹೇಗನ್‌ನಲ್ಲಿ ಬೋರ್ ಅವರ ಬಳಿ ಇತ್ತು. 1940ರಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ನುಗ್ಗಿದಾಗ ಜಾರ್ಜ್ ಡಿ ಹೆವೆಸಿ ಎಂಬ ರಸಾಯನ ವಿಜ್ಞಾನಿ ಅದನ್ನು ಆಕ್ವಾ ರೀಜಿಯಾದಲ್ಲಿ ಕರಗಿಸಿ, ಆ ದ್ರಾವಣವನ್ನು ಕಪಾಟಿನಲ್ಲಿ ಇಟ್ಟರು. ಯಾರಿಗೂ ಸಂಶಯ ಬರಲಿಲ್ಲ. ಯುದ್ಧ ಮುಗಿದ ಮೇಲೆ ಅದೇ ಚಿನ್ನದಿಂದ ಪದಕವನ್ನು ಮತ್ತೆ ಎರಕ ಹೊಯ್ದು ಫ್ರಾಂಕ್‌ಗೆ ಕೊಡಲಾಯಿತು. ಈ ಕತೆ ಹೇಳುವಾಗ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ!

ಇನ್ನು ಆರ್ಗಾನ್‌ಗೆ ಬರೋಣ. ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಪ್ರಯೋಗಾಲಯದ ಫ್ರಾನ್ಸ್ ಪೆನಿಂಗ್ 1927ರ ಸುಮಾರಿಗೆ ಕಂಡುಕೊಂಡದ್ದೇನೆಂದರೆ, ನಿಯಾನಿಗೆ ಒಂದು ಚಿಟಿಕೆ ಆರ್ಗಾನ್ ಬೆರೆಸಿದರೆ ವಿದ್ಯುತ್ ಹಾಯಲು ಬಹಳ ಕಡಿಮೆ ವೋಲ್ಟೇಜ್ ಸಾಕು. ಕೆಲವು ನಿಯಾನ್ ಪರಮಾಣುಗಳು ಮೇಲಿನ ಮೆಟ್ಟಿಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಬೆಳಕು ಚೆಲ್ಲಿ ಇಳಿಯಲು ಬೇಗನೆ ಆಗದು. ಅವುಗಳ ಬಳಿ 16.6 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ, ಆರ್ಗಾನನ್ನು ಅಯಾನು ಮಾಡಲು 15.8 ಸಾಕು. ಡಿಕ್ಕಿಯಾದರೆ ಆರ್ಗಾನಿನಿಂದ ಎಲೆಕ್ಟ್ರಾನ್ ಹಾರಿತೆಂದೇ ಲೆಕ್ಕ. ಟ್ಯೂಬ್‌ಲೈಟಿನಲ್ಲೂ ಇದೇ ವ್ಯಾಪಾರ, ಪಾತ್ರಗಳು ಮಾತ್ರ ಬೇರೆ: ಸಿಕ್ಕಿಹಾಕಿಕೊಂಡ ಆರ್ಗಾನಿನ ಬಳಿ 11.5, ಪಾದರಸಕ್ಕೆ ಬೇಕಾದದ್ದು 10.4. ಹೀಗೆ ದೀಪ ಹೊತ್ತಿಕೊಳ್ಳಲು ಆರ್ಗಾನ್ ನೆರವಾಗುತ್ತದೆ. ಹೊತ್ತಿದ ಮೇಲೆ ಪಾದರಸವನ್ನು ಉತ್ತೇಜಿಸುವುದು ಮುಖ್ಯವಾಗಿ ಎಲೆಕ್ಟ್ರಾನುಗಳೇ. ಅವು ನೇರವಾಗಿ ಗೋಡೆಗೆ ಓಡಿಹೋಗದಂತೆ ತಡೆಯುವುದೂ ಆರ್ಗಾನ್. ಚಳಿಯಲ್ಲಿ ಆವಿಯಾಗುವ ಪಾದರಸವೇ ಕಡಿಮೆ. ನೀಲಗಿರಿಯ ನಮ್ಮ ಬಂಧುಗಳು ಚಳಿಗಾಲದ ಬೆಳಗಿನಲ್ಲಿ ಮಂಕಾಗಿ ಮಿಣುಕುವ ಟ್ಯೂಬ್‌ಲೈಟುಗಳನ್ನು ನೋಡಿಯೇ ಇರುತ್ತಾರೆ.

ಕೊಳವೆಗೆ ಹೋದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ 254 ನ್ಯಾನೋಮೀಟರಿನ ನೇರಳಾತೀತವಾಗುತ್ತದೆ. ಗಾಜಿನ ಒಳಮೈಯ ಬಿಳಿ ಪುಡಿ ಅದನ್ನು ಕಣ್ಣಿಗೆ ಕಾಣುವ ಬೆಳಕಾಗಿ ಬದಲಿಸುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ 1938ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಪುಡಿ ತೆಗೆದು, ನೇರಳಾತೀತವನ್ನು ಹೊರಬಿಡುವ ಗಾಜು ಹಾಕಿದರೆ ರೋಗಾಣು ಕೊಲ್ಲುವ ದೀಪ. ಕೊರೋನಾ ಕಾಲದಲ್ಲಿ ಇದರ ಹೆಸರು ಎಲ್ಲೆಡೆ ಕೇಳಿಬಂತು.

1970ರಲ್ಲಿ ಮಾಸ್ಕೋದಲ್ಲಿ ಬಾಸೊವ್ ಮತ್ತು ಸಂಗಡಿಗರು ಕ್ಸೆನಾನಿನಿಂದ ನೇರಳಾತೀತ ಲೇಸರ್ ಮಾಡಿದರು. 1975ರ ಬಳಿಕ ಕ್ರಿಪ್ಟಾನ್-ಫ್ಲೋರಿನ್, ಆರ್ಗಾನ್-ಫ್ಲೋರಿನ್ ಮಿಶ್ರಣಗಳ ಸರದಿ. ಸಾಮಾನ್ಯ ಸ್ಥಿತಿಯಲ್ಲಿ ಫ್ಲೋರಿನ್ ಜೊತೆ ಜೋಡಿಯಾಗಿ ನಿಲ್ಲದ ಆರ್ಗಾನ್, ಉತ್ತೇಜಿತವಾದಾಗ ಕ್ಷಣಮಾತ್ರ ಅದರ ಕೈಹಿಡಿಯುತ್ತದೆ. 193 ನ್ಯಾನೋಮೀಟರಿನ ಬೆಳಕು ಚೆಲ್ಲಿದೊಡನೆ ಎರಡೂ ಬೇರೆಯಾಗುತ್ತವೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದ ಐಬಿಎಂ ಸೇರಿದ್ದ ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ತಂದು ಈ ಬೆಳಕಿನಿಂದ ಕೊರೆದರು. ಸುತ್ತ ಸುಟ್ಟ ಗುರುತೇ ಇರಲಿಲ್ಲ! ಕನ್ನಡಕ ಬಿಡಿಸುವ ಲಾಸಿಕ್ ಶಸ್ತ್ರಚಿಕಿತ್ಸೆಗೆ ದಾರಿಯಾದದ್ದು ಅದೇ.

ಪಾದರಸದ ವಿಷದ ಕಾರಣ, ಟ್ಯೂಬ್‌ಲೈಟುಗಳ ತಯಾರಿಕೆಯನ್ನು 2027ರ ಕೊನೆಗೆ ನಿಲ್ಲಿಸಲು ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ನಿರ್ಧರಿಸಿವೆ. ಎಲ್ಇಡಿ ಬಂದ ಮೇಲೆ ಕಳಚಿದ ಹಳೆಯ ಕೊಳವೆಗಳು ಎಷ್ಟೋ ಶಾಲೆಗಳ ಸ್ಟೋರ್ ರೂಮಿನ ಮೂಲೆಯಲ್ಲಿ ಒರಗಿಕೊಂಡಿವೆ. ಮಕ್ಕಳ ಕೈಗೆ ಸಿಗದಂತೆ, ಒಡೆಯದಂತೆ ಅವನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಅದಕ್ಕೂ ಮುಂಚೆ ಒಂದು ಕೊಳವೆಯನ್ನು, ಒಡೆಯದೆ, ತರಗತಿಗೆ ತಂದು ಒಳಗಿನ ಬಿಳಿ ಪುಡಿಯನ್ನು ತೋರಿಸಬಹುದು.