ಅಲಗಿನ ಮೇಲಿಲ್ಲದ ಹೆಸರು

ಊರಿನಿಂದ ಬಂದ ನೆಂಟರನ್ನು ಪುಣೆಯ ಕನ್ನಡಿಗರು ಕರೆದೊಯ್ಯುವ ತಾಣಗಳಲ್ಲಿ ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವೂ ಒಂದು. ದೀಪ, ಅಡಕೊತ್ತು, ವಾದ್ಯಗಳ ಜೊತೆಗೆ ಅಲ್ಲಿ ಆಯುಧಗಳೂ ಇವೆ. ಆಯುಧದ ಮುಂದೆ ನಿಂತವರು ಸಾಮಾನ್ಯವಾಗಿ ಕೇಳುವುದು, ಇದು ಯಾರದು, ಯಾವ ಕಾಲದ್ದು ಎಂದು. ಇದನ್ನು ಕಾಸಿ ಬಡಿದವರು ಯಾರು ಎಂದು ಕೇಳುವವರು ಕಡಿಮೆ. ಕನ್ನಡ ನಾಡಿನ ಬೇಟೆಗತ್ತಿಯ ಚರಿತ್ರೆಯನ್ನು ಈ ಎರಡನೆಯ ಪ್ರಶ್ನೆಯಿಂದ ಓದಿದಾಗ ಅದರ ದೊಡ್ಡ ಕೊರತೆ ಕಣ್ಣಿಗೆ ಬೀಳುತ್ತದೆ.

ನಮ್ಮ ನಾಡಿನ ಕಬ್ಬಿಣ ಎಷ್ಟು ಹಳೆಯದು ಎಂಬುದನ್ನು ತಿಳಿಸಿದ ಕೆಲಸದಲ್ಲಿ ಪುಣೆಯ ಪಾಲೂ ಇದೆ. ಡೆಕ್ಕನ್ ಕಾಲೇಜಿನ ಸಂಶೋಧಕರಾಗಿದ್ದ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಉತ್ಖನನ ನಡೆಸಿದರು. ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಆ ನೆಲೆಯಲ್ಲಿ ಕಬ್ಬಿಣ ಕಾಣಿಸಿಕೊಂಡ ಪದರಕ್ಕೆ ಇಂಗಾಲ ಪರೀಕ್ಷೆಯು ಸುಮಾರು ಕ್ರಿ.ಪೂ. 1000ದ ಕಾಲವನ್ನು ಸೂಚಿಸಿತು. ಅಂದರೆ ಇಲ್ಲಿನ ಕುಲುಮೆಗೆ ಮೂರು ಸಾವಿರ ವರ್ಷಗಳ ವಯಸ್ಸು. ಬರಹವೇ ಇಲ್ಲದ ಆ ಯುಗದಲ್ಲಿ ಕಮ್ಮಾರನ ಹೆಸರನ್ನು ಹುಡುಕುವುದು ವ್ಯರ್ಥ.

ಆದರೆ ಬರಹ ಬಂದ ಮೇಲೂ ಆ ಹೆಸರು ಬರಲಿಲ್ಲ. ಬೇಟೆಯ ಬಗೆಗೆ ನಮ್ಮಲ್ಲಿರುವ ಅತ್ಯಂತ ಹೃದಯಸ್ಪರ್ಶಿ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಸುಮಾರು ಕ್ರಿ.ಶ. 950ರ ಈ ಕಲ್ಲು ತಕ್ಕೋಲದ ಯುದ್ಧವನ್ನು ಹೇಳುತ್ತದೆ. ಗಂಗ ಬೂತುಗನ ವೀರ ಮಣಲೇರನು ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿಯ ಕಥೆಯನ್ನೂ ಹೇಳುತ್ತದೆ. ಕಾಡುಹಂದಿಯೊಡನೆ ಸೆಣಸಿ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಅರಸನ ಹೆಸರು, ಒಡೆಯನ ಹೆಸರು, ನಾಯಿಯ ಹೆಸರು ಕಲ್ಲಿನಲ್ಲಿ ನಿಂತಿವೆ. ಆ ವೀರರ ಕೈಯ ಆಯುಧಗಳನ್ನು ಮಾಡಿದವನಿಗೆ ಅಲ್ಲಿ ಎಡೆಯಿಲ್ಲ. ಹನ್ನೆರಡನೆಯ ಶತಮಾನದ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತಾನು ಕಡೆದ ಶಿಲ್ಪದ ಕೆಳಗೆ ಹೆಸರು ಕೆತ್ತಿದ. ಅವನ ಉಳಿಯನ್ನು ಹದಗೊಳಿಸಿದ ಕಮ್ಮಾರನಿಗೆ ಆ ಭಾಗ್ಯವಿರಲಿಲ್ಲ. ಕಲ್ಲು ಹೆಸರನ್ನು ಕಾಪಾಡುತ್ತದೆ. ಕಬ್ಬಿಣ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ, ಮತ್ತೆ ಕರಗಿ ಬೇರೊಂದು ವಸ್ತುವಾಗುತ್ತದೆ.

ವಿಪರ್ಯಾಸವೆಂದರೆ ಲೋಹದ ಹೆಸರು ಮಾತ್ರ ಲೋಕವನ್ನೆಲ್ಲ ಸುತ್ತಿತು. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿಗೆ ಕಳುಹಿಸಿದ ಉಕ್ಕಿನ ಗಟ್ಟಿಗಳನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ 1795ರಲ್ಲಿ ಪ್ರಬಂಧ ಪ್ರಕಟಿಸಿದ. ಅಲ್ಲಿ ಆ ಲೋಹಕ್ಕೆ ‘ವೂಟ್ಸ್’ ಎಂಬ ಹೆಸರಿದೆ. ಇದು ನಮ್ಮ ‘ಉಕ್ಕು’ ಪದದ ಅಪಭ್ರಂಶವೆಂದು ಹಲವು ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಉಕ್ಕಿನ ತಯಾರಿಕೆಯನ್ನು ಕಣ್ಣಾರೆ ಕಂಡು ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರೊಡನೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ. ಬಾಯಿ ಮುಚ್ಚಿ ಇದ್ದಿಲ ಬೆಂಕಿಯಲ್ಲಿ ಕಾಸುವುದು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತದೆ. ಗಿಡದ ಹೆಸರು ಗ್ರಂಥಕ್ಕೆ ಬಂತು, ಮೂಸೆ ಇಟ್ಟವನದು ಬರಲಿಲ್ಲ.

ಬೇಟೆಗತ್ತಿ ಇಂದಿಗೂ ಜೀವಂತವಾಗಿರುವ ಕನ್ನಡ ನಾಡಿನ ಭಾಗ ಕೊಡಗು. ಅಲ್ಲಿ ಎರಡು ಕತ್ತಿಗಳು ಪ್ರಸಿದ್ಧ. ಬೆನ್ನ ಹಿಂದೆ ‘ತೊಡಂಗ್’ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸುವ ಒಡಿಕತ್ತಿ ಅಗಲವಾದದ್ದು, ಮುಂದಕ್ಕೆ ಬಾಗಿದ್ದು; ಬಾಗಿನ ಒಳಮೈಯೇ ಅದರ ಹರಿತದ ಬದಿ. ತೂಕವೆಲ್ಲ ತುದಿಯ ಕಡೆಗಿರುವುದರಿಂದ ಬೀಸಿದ ಏಟು ತಾನಾಗಿ ಆಳಕ್ಕಿಳಿಯುತ್ತದೆ. ಸೊಂಟದ ಕೆಂಪು ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ ಚಿಕ್ಕದು, ಬೆಳ್ಳಿಯ ಕೆಲಸದ ಒರೆಯುಳ್ಳದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳಿಗೆ ಗೌರಿಹೂವಿಟ್ಟು ಪೂಜಿಸಿ, ಬಳಿಕ ಬೇಟೆಗೆ ಹೊರಡುವುದು ಹಿಂದಿನ ರೂಢಿ. ಹುಲಿ ಕೊಂದವನಿಗೆ ‘ನರಿ ಮಂಗಲ’ವೆಂಬ ಸನ್ಮಾನವಿತ್ತು, ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ.

ಕಾನೂನು ಈ ಸಂಪ್ರದಾಯವನ್ನು ಎರಡು ಬಗೆಯಲ್ಲಿ ಮುಟ್ಟಿತು. 1857ರ ಬಳಿಕ ದೇಶವನ್ನೇ ನಿಶ್ಶಸ್ತ್ರಗೊಳಿಸಿದ ಬ್ರಿಟಿಷರು 1861ರಲ್ಲಿ ಕೊಡಗಿನವರಿಗೆ ವಿನಾಯಿತಿ ನೀಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಲ್ಲಿಸಿತು. ಬೇಟೆ ಹೋಯಿತು, ಕತ್ತಿ ಉಳಿಯಿತು. ಮದುವೆಯಲ್ಲಿ ಒಡಿಕತ್ತಿ ಈಗ ಬಾಳೆಯ ದಿಂಡನ್ನು ಕಡಿಯುತ್ತದೆ. ಕಾಡಿಗೆ ಇದು ಒಳ್ಳೆಯದೇ ಆಯಿತು. ಆದರೆ ವರ್ಷಕ್ಕೊಮ್ಮೆ ಒರೆಯಿಂದ ಹೊರಬರುವ ಕತ್ತಿಗೆ ಹೊಸ ಹದ ಬೇಕಾಗುವುದಿಲ್ಲ. ಹದ ಬೇಡವಾದಲ್ಲಿ ಹದ ಬಲ್ಲವನೂ ಬೇಡವಾಗುತ್ತಾನೆ.

ಹದವೇ ಕತ್ತಿಯ ಪ್ರಾಣ. ಇಂದು ಅನೇಕ ಹಳ್ಳಿಯ ಕಮ್ಮಾರರ ಕಚ್ಚಾವಸ್ತು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ. ಅದನ್ನು ಕೆಂಪಗೆ ಕಾಸಿ ಬಡಿದು ಆಕಾರ ಕೊಟ್ಟ ಮೇಲೆ ಮತ್ತೆ ಕಾಸಿ, ಒಮ್ಮೆಲೇ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಅಲಗು ಗಡಸಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಆಮೇಲೆ ಮೆಲ್ಲಗೆ ಬಿಸಿಮಾಡಿದಾಗ ಉಜ್ಜಿದ ಮೈಮೇಲೆ ಒಣಹುಲ್ಲಿನ ಬಣ್ಣ ಮೂಡಿ ಕಂದಾಗುತ್ತಾ, ನೇರಳೆಯಾಗುತ್ತಾ ಹೋಗುತ್ತದೆ. ಯಾವ ಬಣ್ಣದಲ್ಲಿ ನಿಲ್ಲಿಸಬೇಕೆಂಬ ಒಂದು ಕ್ಷಣದ ನಿರ್ಧಾರದಲ್ಲಿ ಕತ್ತಿಯ ಆಯುಸ್ಸಿದೆ. ಇದು ಕಣ್ಣಿನ ವಿದ್ಯೆ. ಕುಲುಮೆಯ ಬಳಿ ವರ್ಷಗಟ್ಟಲೆ ಕುಳಿತವರಿಗೆ ದಕ್ಕುವಂಥದು. ಕೊಡಗಿನಲ್ಲಿ ಮರಗೆಲಸ, ಕಬ್ಬಿಣದ ಕೆಲಸ ಮಾಡುತ್ತ ಬಂದವರು ಐರಿಗಳು. ಕತ್ತಿಯನ್ನು ಧರಿಸಿದವರ ಮನೆತನಗಳ ಹೆಸರುಗಳು ಪುಸ್ತಕಗಳಲ್ಲಿವೆ. ಐರಿಗಳದು ಸಮುದಾಯದ ಹೆಸರಾಗಿ ಮಾತ್ರ ಉಳಿದಿದೆ.

ಕಳೆದುಹೋದ ಮೂರು ಸಾವಿರ ವರ್ಷಗಳ ಹೆಸರುಗಳನ್ನು ಮರಳಿ ತರಲಾಗದು. ಕಳೆದ ಎರಡು ಮೂರು ತಲೆಮಾರಿನವು ಇನ್ನೂ ಹಿರಿಯರ ನೆನಪಿನಲ್ಲಿವೆ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲೂ ಅಜ್ಜನ ಕಾಲದ ಕತ್ತಿಯೋ, ಕುಡುಗೋಲೋ, ಈಳಿಗೆಮಣೆಯೋ ಇದ್ದೀತು. ಮುಂದಿನ ಸಲ ಊರಿಗೆ ಹೋದಾಗ ಅದನ್ನು ಯಾವ ಕುಲುಮೆಯಲ್ಲಿ ಯಾರು ಮಾಡಿದರೆಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡೋಣ.