ಮೊಬೈಲ್ ಪರದೆ ಮತ್ತು ನಮ್ಮ ಯುವಜನರು: ಪೋಷಕರು ಹಾಗೂ ಧರ್ಮಕೇಂದ್ರಗಳು ತಿಳಿದಿರಬೇಕಾದ ಸಂಗತಿಗಳು

ಪಿಯುಸಿ ಮುಗಿಸಿ ಕರಾವಳಿಯಿಂದ ಬೆಂಗಳೂರಿಗೆ ಹೋಗುವ ನಮ್ಮ ಯುವಕ ಯುವತಿಯರ ಸಂಖ್ಯೆ ಕಡಿಮೆಯೇನಲ್ಲ. ಅವರು ನೆಲೆಸುವ ಬಡಾವಣೆಗಳಲ್ಲಿ ದಕ್ಷಿಣ ಬೆಂಗಳೂರಿನ ಕುಮಾರಸ್ವಾಮಿ ಲೇಔಟ್ ಒಂದು. ಅಲ್ಲಿನ ಶಾವಿಗೆ ಮಲ್ಲೇಶ್ವರ ಬೆಟ್ಟದಲ್ಲಿ ದಯಾನಂದ ಸಾಗರ್ ಶಿಕ್ಷಣ ಸಂಸ್ಥೆಗಳಿವೆ. ಸುತ್ತಲಿನ ರಸ್ತೆಗಳಲ್ಲಿ ಪಿಜಿಗಳಿವೆ. ಮನೆಯಲ್ಲಿದ್ದಾಗ ಸಂಜೆ ತೇರ್ಸ್‌ಗೆ ಕರೆಯುವ ಅಜ್ಜಿ ಇದ್ದರು, ರಾತ್ರಿ ಲೈಟ್ ಆರಿಸಿ ಮಲಗು ಎನ್ನುವ ತಾಯಿ ಇದ್ದರು. ಪಿಜಿಯ ಕೋಣೆಯಲ್ಲಿ ಇರುವುದು ಒಂದು ಮಂಚ, ಒಂದು ಕಪಾಟು ಮತ್ತು ವೈಫೈ. ಹದಿನೆಂಟು ವರ್ಷದವನೊಬ್ಬನಿಗೆ ತನ್ನ ಮೊಬೈಲ್ ಮತ್ತು ತನ್ನ ಸಮಯ ಎರಡೂ ಪೂರ್ತಿಯಾಗಿ ತನ್ನ ಕೈಗೇ ಸಿಗುವುದು ಇಲ್ಲಿಯೇ ಮೊದಲ ಬಾರಿ.

ಊರಿನಿಂದ ತಾಯಿ ಫೋನ್ ಮಾಡಿ 'ಊಟ ಆಯ್ತಾ?' ಎಂದು ಕೇಳುತ್ತಾರೆ. 'ಆಯ್ತಮ್ಮ' ಎಂಬ ಉತ್ತರ ಬರುತ್ತದೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ, ಇಲ್ಲವೇ ಹಾಜರಿ ಸಾಲದೆಂದು ಕಾಲೇಜಿನಿಂದ ಪತ್ರ ಬಂದಾಗ ಮಾತ್ರ ಏನೋ ಸರಿಯಿಲ್ಲವೆಂದು ಮನೆಯವರಿಗೆ ಗೊತ್ತಾಗುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡ್ತೀಯಾ?' ಈ ಪ್ರಶ್ನೆ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ ಎಂಬುದು ನಮ್ಮ ಅಭಿಪ್ರಾಯ.

ಗಂಟೆಗಳ ಲೆಕ್ಕ ಸಾಲದು

ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯ 11ನೇ ಪರಿಷ್ಕರಣೆಯಲ್ಲಿ ವಿಡಿಯೋ ಆಟದ ಗೀಳನ್ನು ಒಂದು ಕಾಯಿಲೆಯಾಗಿ ಸೇರಿಸಿದೆ. 2019ರಲ್ಲಿ ಅಂಗೀಕಾರವಾದ ಈ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ, ಅದರ ವಿವರಣೆಯಲ್ಲಿ ದಿನಕ್ಕೆ ಇಷ್ಟು ಗಂಟೆ ಎಂಬ ಮಿತಿಯೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಬದುಕಿನ ಬೇರೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗಿದೆಯೇ, ಹಾನಿಯಾಗುತ್ತಿದೆಯೆಂದು ಗೊತ್ತಿದ್ದೂ ಬಿಡಲಾಗುತ್ತಿಲ್ಲವೇ ಎಂದಷ್ಟೇ ಅದು ಕೇಳುತ್ತದೆ. ಸಾಮಾನ್ಯವಾಗಿ ಸುಮಾರು ಹನ್ನೆರಡು ತಿಂಗಳು ಈ ಲಕ್ಷಣಗಳು ಕಂಡುಬರಬೇಕು. ರಜೆಯಲ್ಲಿ ನಾಲ್ಕು ದಿನ ಬಿಡದೆ ಆಡಿದ ಹುಡುಗನನ್ನು ರೋಗಿ ಎಂದು ಕರೆಯುವಂತಿಲ್ಲ. ದಿನಕ್ಕೆ ಎರಡೇ ಗಂಟೆ ಆಡಿದರೂ ಅದಕ್ಕಾಗಿ ಪರೀಕ್ಷೆ ತಪ್ಪಿಸಿದವನ ಬಗ್ಗೆ ಯೋಚಿಸಬೇಕಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಿಂದ ವರದಿಯಾದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. 2018ರ ಅಕ್ಟೋಬರಿನಲ್ಲಿ, ನೆಟ್‌ಫ್ಲಿಕ್ಸ್ ನೋಡುವ ಗೀಳಿಗೆ ಬಿದ್ದ 26 ವರ್ಷದ ಯುವಕನೊಬ್ಬ ಚಿಕಿತ್ಸೆಗೆ ಬಂದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆತ ಆರು ತಿಂಗಳಿಂದ ದಿನಕ್ಕೆ ಏಳು ಗಂಟೆಗೂ ಹೆಚ್ಚು ಕಾಲ ನೋಡುತ್ತಿದ್ದ. ಸುದ್ದಿಯ ತಲೆಬರಹದಲ್ಲಿ ಇದ್ದದ್ದು ನೆಟ್‌ಫ್ಲಿಕ್ಸ್. ಒಳಗೆ ಓದಿದರೆ ಕಾಣುವುದು ಕೆಲಸವಿಲ್ಲದ ಒಬ್ಬ ಯುವಕ. ಸಂಪಾದಿಸು ಎಂದು ಮನೆಯವರ ಒತ್ತಾಯ, ಗೆಳೆಯರೆಲ್ಲ ಒಂದು ನೆಲೆ ಕಂಡಿದ್ದಾರೆಂಬ ನೋವು; ಇದನ್ನೆಲ್ಲ ಮರೆಯಲು ಆತನಿಗೆ ಸಿಕ್ಕಿದ್ದು ಪರದೆ. ನಮ್ಮ ಮಕ್ಕಳ ವಿಷಯದಲ್ಲಿಯೂ ಪರದೆಯ ಹಿಂದೆ ಇಂಥದೊಂದು ಕಾರಣ ಅನೇಕ ಬಾರಿ ಇರುತ್ತದೆ. ಕನ್ನಡ ಮಾಧ್ಯಮದಿಂದ ಬಂದು ತರಗತಿಯಲ್ಲಿ ಪಾಠ ಅರ್ಥವಾಗದವನು, ಗೆಳೆಯರಿಲ್ಲದವಳು, ಮನೆಯವರು ಆರಿಸಿದ ಕೋರ್ಸಿಗೆ ಸೇರಿದವನು, ಇವರೆಲ್ಲರಿಗೂ ಮೊಬೈಲ್ ಸುಲಭದ ಆಶ್ರಯ.

ಅದು ಕಾರಣವೋ ಪರಿಣಾಮವೋ ಎಂಬ ಬಗ್ಗೆ ತಜ್ಞರಲ್ಲಿಯೂ ಒಮ್ಮತವಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್ ಹೊರಡಿಸಿದ ಎಚ್ಚರಿಕೆಯು, ಸಾಮಾಜಿಕ ಜಾಲತಾಣಗಳಲ್ಲಿ ದಿನಕ್ಕೆ 3 ಗಂಟೆಗಿಂತ ಹೆಚ್ಚು ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕಗಳ ಅಪಾಯ ಇಮ್ಮಡಿ ಎಂದು ಹೇಳಿತು. ಜಾಲತಾಣದಿಂದ ಖಿನ್ನತೆ ಬಂತೇ, ಖಿನ್ನತೆಯಿದ್ದವರು ಜಾಲತಾಣಕ್ಕೆ ಹೋದರೇ ಎಂಬುದನ್ನು ಇಂಥ ಅಂಕಿಅಂಶ ಒಂದೇ ತೀರ್ಮಾನಿಸಲಾರದು. ಪೋಷಕರಿಗೆ ಮಾತ್ರ ಎರಡೂ ಸಾಧ್ಯತೆಗಳು ನೆನಪಿನಲ್ಲಿರಬೇಕು.

ಮೊದಲು ಕೆಡುವುದು ನಿದ್ರೆ

ಇತರ ಹಾನಿಗಳ ಬಗ್ಗೆ ಚರ್ಚೆ ಇರಬಹುದು, ನಿದ್ರೆಯ ವಿಷಯದಲ್ಲಿ ಹೆಚ್ಚು ಚರ್ಚೆಯಿಲ್ಲ. 13ರಿಂದ 18 ವರ್ಷದವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ರೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ, ಹಾಗಾಗಿ ಹತ್ತಕ್ಕೆ ಮಲಗು ಎಂದರೆ ಹನ್ನೊಂದಾದರೂ ನಿದ್ರೆ ಬಾರದಿರುವುದು ಅವರ ಸೋಮಾರಿತನವಲ್ಲ. ಅದರ ಮೇಲೆ ಕಣ್ಣಿನ ಹತ್ತಿರ ಹಿಡಿದ ಪರದೆಯ ಬೆಳಕು, ನಿದ್ರೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ರಸವನ್ನು ಇನ್ನಷ್ಟು ತಡಮಾಡುತ್ತದೆ. ಬೆಳಕಿಗಿಂತಲೂ ಹೆಚ್ಚಾಗಿ ಪರದೆಯಲ್ಲಿ ನಡೆಯುವ ಸಂಗತಿಯೇ ಮನಸ್ಸನ್ನು ಎಚ್ಚರವಾಗಿಡುತ್ತದೆ. ಎದುರಾಳಿಯೊಡನೆ ಆಟ ನಡೆಯುತ್ತಿರುವಾಗ, ಗ್ರೂಪಿನಲ್ಲಿ ತನ್ನ ಬಗ್ಗೆ ಮಾತು ನಡೆಯುತ್ತಿರುವಾಗ ಯಾರಿಗೆ ನಿದ್ರೆ ಬಂದೀತು?

ಎರಡು ಗಂಟೆಗೆ ಮಲಗಿ ಏಳಕ್ಕೆ ಏಳುವವನು ತರಗತಿಯಲ್ಲಿ ತೂಕಡಿಸುತ್ತಾನೆ, ಚಿಕ್ಕ ಮಾತಿಗೆ ಸಿಡುಕುತ್ತಾನೆ, ಓದಿದ್ದನ್ನು ಮರೆಯುತ್ತಾನೆ. ಮನೆಯವರು ಇದನ್ನು ಅಹಂಕಾರವೆಂದೋ ಕೆಟ್ಟ ಸಹವಾಸವೆಂದೋ ತಿಳಿಯುತ್ತಾರೆ. ಆದುದರಿಂದ ದೂರದಲ್ಲಿರುವ ಮಗನಿಗೆ ಫೋನ್ ಮಾಡುವಾಗ 'ಎಷ್ಟು ಗಂಟೆ ಮೊಬೈಲ್?' ಎನ್ನುವ ಬದಲು 'ನಿನ್ನೆ ಎಷ್ಟು ಗಂಟೆಗೆ ನಿದ್ದೆ ಬಂತು, ಬೆಳಿಗ್ಗೆ ತಿಂಡಿ ತಿಂದಿಯಾ, ಯಾರ ಜೊತೆ?' ಎಂದು ಕೇಳುವುದು ಒಳ್ಳೆಯದು. ಮೊದಲನೆಯ ಪ್ರಶ್ನೆಗೆ ಸುಳ್ಳು ಹೇಳುವುದು ಸುಲಭ. ಎರಡನೆಯದಕ್ಕೆ ಮಕ್ಕಳು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ.

ಮನೋಬಲದ ಕೊರತೆ ಮಾತ್ರವೇ?

ಬೇಕೆಂದರೆ ಬಿಡಬಹುದಲ್ಲ ಎಂದು ಹಿರಿಯರು ಹೇಳುವುದುಂಟು. ಹಿಂದೆ ಪತ್ರಿಕೆಗೆ ಕೊನೆಯ ಪುಟ ಇತ್ತು, ಧಾರಾವಾಹಿ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಈಗಿನ ಆ್ಯಪ್‌ಗಳಲ್ಲಿ ಕೊನೆಯೇ ಇಲ್ಲ. ಬೆರಳು ಸರಿಸಿದಂತೆ ಪುಟ ಮುಂದುವರಿಯುತ್ತಲೇ ಹೋಗುವ ವಿಧಾನವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಅದರ ಬಗ್ಗೆ ಬಳಿಕ ವಿಷಾದ ವ್ಯಕ್ತಪಡಿಸಿದ್ದಾರೆ. ಹತ್ತು ರೀಲ್ಸ್‌ನಲ್ಲಿ ಒಂದು ಮಾತ್ರ ಚೆನ್ನಾಗಿರುತ್ತದೆ, ಅದು ಯಾವುದೆಂದು ಮೊದಲೇ ಗೊತ್ತಿಲ್ಲದ್ದರಿಂದ ಕೈ ನಿಲ್ಲುವುದಿಲ್ಲ. ಜೂಜಿನ ಯಂತ್ರ ಕೆಲಸ ಮಾಡುವುದೂ ಇದೇ ರೀತಿ. ಹಾಗೆಂದು ಯುವಜನರಿಗೆ ಹೊಣೆಯಿಲ್ಲವೆಂದಲ್ಲ. ಆದರೆ ಊಟದ ಮೇಜಿನಲ್ಲಿ, ಕೆಲವೊಮ್ಮೆ ತೇರ್ಸಿನ ನಡುವೆಯೂ ವಾಟ್ಸ್‌ಆ್ಯಪ್ ನೋಡುವ ನಾವು ಹಿರಿಯರು ಅವರ ಮನೋಬಲದ ಬಗ್ಗೆ ಮಾತಾಡುವಾಗ ಸ್ವಲ್ಪ ಸಂಕೋಚಪಡಬೇಕು.

ಹಣದ ಆಟಗಳದು ಬೇರೆಯೇ ಅಪಾಯ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದು ಶಿಕ್ಷೆ ವಿಧಿಸುವುದು ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ, ಆಡಿದವನಿಗೆ ಅಲ್ಲ. ಫೀಸಿನ ಹಣ ಕಳೆದುಕೊಂಡು ಹೆದರಿ ಕುಳಿತ ವಿದ್ಯಾರ್ಥಿಗೆ ಇದನ್ನು ಯಾರಾದರೂ ಹೇಳಬೇಕು. ಮನೆಗೆ ಹೇಳಲಾರದೆ ಆ್ಯಪ್‌ನಲ್ಲಿ ಸಾಲ ಪಡೆದು, ಆ ಸಾಲ ತೀರಿಸಲು ಮತ್ತೊಂದು ಸಾಲ ಪಡೆಯುವ ಹಂತಕ್ಕೆ ಆತ ಹೋಗದಿರಲಿ.

ಭಯದ ಸುದ್ದಿಗಳು

2021ರ ಏಪ್ರಿಲ್‌ನಲ್ಲಿ ಉಳ್ಳಾಲದ ಕೆ.ಸಿ. ರೋಡ್‌ನಲ್ಲಿ ಬಾಲಕನೊಬ್ಬನ ಕೊಲೆಯಾಯಿತು. ಪಬ್‌ಜಿ ಆಟದ ಜಗಳವೇ ಕಾರಣವೆಂದು ವರದಿಯಾದಾಗ ಕರಾವಳಿಯ ಮನೆಮನೆಗಳಲ್ಲಿ ಆತಂಕ ಹಬ್ಬಿತ್ತು. ಆ ವೇಳೆಗೆ ಪಬ್‌ಜಿ ಮೊಬೈಲ್ ದೇಶದಲ್ಲಿ ನಿಷೇಧವಾಗಿ ಏಳು ತಿಂಗಳಾಗಿತ್ತು. 2020ರ ಸೆಪ್ಟೆಂಬರ್ 2ರಂದೇ ಸರಕಾರ ಅದನ್ನು ನಿಷೇಧಿಸಿತ್ತು. ಅದೇ ಆಟ 2021ರ ಜುಲೈನಲ್ಲಿ ಬೇರೆ ಹೆಸರಿನಲ್ಲಿ ಮರಳಿತು. ನಿಷೇಧವೊಂದರಿಂದಲೇ ಮಕ್ಕಳ ರಕ್ಷಣೆಯಾಗದು ಎಂಬುದಕ್ಕೆ ಇದೇ ಸಾಕ್ಷಿ. ಅಲ್ಲದೆ ಇಂಥ ಘೋರ ಘಟನೆಗಳು ಅಪರೂಪ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಯಾರನ್ನೂ ಹೊಡೆಯುವುದಿಲ್ಲ, ಸದ್ದಿಲ್ಲದೆ ಕೋಣೆಯೊಳಗೆ ಉಳಿದುಬಿಡುತ್ತಾರೆ. ಸುದ್ದಿಯಾಗದ ಕಾರಣ ಇವರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. 2019ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಪೋಪ್ ಫ್ರಾನ್ಸಿಸ್ ಅವರು, ಸಮಾಜದಿಂದ ದೂರ ಸರಿದು ಸನ್ಯಾಸಿಗಳಂತಾಗುವ ಇಂಥ ಯುವಜನರನ್ನೇ ನೆನೆದಿದ್ದರು.

ಅದಕ್ಕೂ ಮೊದಲು, 2007ರಲ್ಲಿ, ಪೋಪ್ 16ನೇ ಬೆನೆಡಿಕ್ಟ್ ಅವರು ಮಕ್ಕಳು ಮತ್ತು ಮಾಧ್ಯಮ ಎಂಬ ವಿಷಯವನ್ನೇ ಆ ದಿನಕ್ಕೆ ಆರಿಸಿದ್ದರು. ಮಾಧ್ಯಮ ಮಕ್ಕಳನ್ನು ರೂಪಿಸುವುದು ಒಂದು, ಮಾಧ್ಯಮಕ್ಕೆ ಸರಿಯಾಗಿ ಸ್ಪಂದಿಸಲು ಮಕ್ಕಳನ್ನು ನಾವು ರೂಪಿಸುವುದು ಇನ್ನೊಂದು ಎಂದು ಅವರು ವಿವರಿಸಿದ್ದರು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯುಟಿಸ್ ಕಂಪ್ಯೂಟರನ್ನು ದೂರವಿಟ್ಟವನಲ್ಲ, ಅದರಿಂದಲೇ ಪರಮಪ್ರಸಾದದ ಅದ್ಭುತಗಳ ಪ್ರದರ್ಶನ ಸಿದ್ಧಪಡಿಸಿದವನು. ಆಟಕ್ಕೆ ಮಾತ್ರ ವಾರಕ್ಕೆ ಒಂದು ಗಂಟೆಯೆಂದು ತಾನೇ ಮಿತಿ ಹಾಕಿಕೊಂಡಿದ್ದನೆಂದು ಹೇಳುತ್ತಾರೆ. ಮಿತಿಯನ್ನು ಅವನೇ ಹಾಕಿಕೊಂಡದ್ದು ಇಲ್ಲಿ ಮುಖ್ಯ.

ಧರ್ಮಕೇಂದ್ರ ಏನು ಮಾಡಬಹುದು?

ಊರು ಬಿಟ್ಟು ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳ ಹೆಸರನ್ನು ವಾಳೆಯ ಗುರಿಕಾರರು ಜೂನ್-ಜುಲೈ ತಿಂಗಳಲ್ಲಿಯೇ ಬರೆದಿಟ್ಟುಕೊಳ್ಳಬಹುದು. ಅಲ್ಲಿ ಈಗಾಗಲೇ ಓದುತ್ತಿರುವ ನಮ್ಮ ಐಸಿವೈಎಂ ಸದಸ್ಯರಿಗೆ ಅವರನ್ನು ಪರಿಚಯಿಸಬಹುದು. ಭಾನುವಾರ ಪೂಜೆಗೆ ಜೊತೆಗೆ ಹೋಗುವ ಒಬ್ಬ ಗೆಳೆಯ, ಪೂಜೆಯ ನಂತರ ಒಂದು ತಿಂಡಿ, ಸಂಜೆ ಒಂದು ಕ್ರಿಕೆಟ್ ಆಟ. ಇವು ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಉಪಯುಕ್ತ. ಮೊಬೈಲಿನ ದುಷ್ಪರಿಣಾಮಗಳ ಬಗ್ಗೆ ಪವರ್ ಪಾಯಿಂಟ್ ತೋರಿಸುವ ಶಿಬಿರಗಳನ್ನು ನಾವು ಸಾಕಷ್ಟು ನಡೆಸಿದ್ದೇವೆ. ಅದೂ ಒಂದು ಪರದೆಯೇ.

ಮೊಬೈಲ್ ಕಿತ್ತುಕೊಳ್ಳುವುದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಇಂದು ಕಾಲೇಜಿನ ನೋಟ್ಸ್, ಫೀಸು, ಬಸ್ಸು ಎಲ್ಲವೂ ಅದರಲ್ಲಿಯೇ ಇವೆ. ಕಿತ್ತುಕೊಂಡ ಕೂಡಲೇ ಮಾತು ನಿಂತುಹೋಗುತ್ತದೆ, ಮಾತು ನಿಂತರೆ ಕಾರಣ ತಿಳಿಯುವ ದಾರಿಯೂ ಮುಚ್ಚುತ್ತದೆ. ರಾತ್ರಿ ಮೊಬೈಲನ್ನು ಮಂಚದಿಂದ ದೂರ ಚಾರ್ಜಿಗಿಟ್ಟು, ಎಚ್ಚರಿಸಲು ಒಂದು ಅಲಾರಂ ಗಡಿಯಾರ ಕೊಳ್ಳುವ ಒಪ್ಪಂದದಿಂದ ಆರಂಭಿಸಬಹುದು.

ತಿಂಗಳುಗಟ್ಟಲೆ ತರಗತಿಗೆ ಹೋಗದಿರುವುದು, ಸ್ನಾನ ಊಟ ಬಿಡುವುದು, ಸಾಯುವ ಮಾತಾಡುವುದು ಕಂಡುಬಂದರೆ ಉಪದೇಶಕ್ಕೆ ನಿಲ್ಲದೆ ವೈದ್ಯರ ಬಳಿ ಹೋಗಬೇಕು. ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ನಿಮ್ಹಾನ್ಸ್ 2014ರಲ್ಲಿ 'ಶಟ್ ಕ್ಲಿನಿಕ್' ಆರಂಭಿಸಿದೆ. ಇದರ ಹಿಂದೆ ಚಿಕಿತ್ಸಾ ಮನೋವಿಜ್ಞಾನದ ಡಾ. ಮನೋಜ್ ಕುಮಾರ್ ಶರ್ಮ ಅವರ ಶ್ರಮವಿದೆ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಕ್ಷೇಮ ಕೇಂದ್ರವಿದೆ. ಕುಮಾರಸ್ವಾಮಿ ಲೇಔಟ್‌ನಿಂದ ಹೊರ ವರ್ತುಲ ರಸ್ತೆಯಲ್ಲಿ ಜೆ.ಪಿ. ನಗರ ದಾಟಿದರೆ ಬಿಟಿಎಂ ಸಿಗುತ್ತದೆ. ಹೋಗುವ ಮೊದಲು ದಿನ ಮತ್ತು ಸಮಯ ವಿಚಾರಿಸಿಕೊಳ್ಳಿ. ಹದಿನೆಂಟು ತುಂಬಿದವರ ಒಪ್ಪಿಗೆ ಪಡೆದೇ ಕರೆದೊಯ್ಯಬೇಕು, 'ನಿದ್ರೆ ಸರಿಯಿಲ್ಲ, ಅದಕ್ಕಾಗಿ ತೋರಿಸೋಣ' ಎಂದರೆ ಅನೇಕರು ಒಪ್ಪುತ್ತಾರೆ.

ಪ್ರಯಾಣ ಸಾಧ್ಯವಿಲ್ಲದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿಯೇ ಮಾತಾಡಬಹುದು. ಮಗನ ಬಗ್ಗೆ ಚಿಂತೆಗೊಳಗಾದ ತಾಯಿಯೂ ಊರಿನಿಂದಲೇ ಕರೆ ಮಾಡಿ, ಅವನೊಡನೆ ಮಾತು ಹೇಗೆ ಆರಂಭಿಸುವುದೆಂದು ಕೇಳಬಹುದು. ಈ ಸಂಖ್ಯೆಯನ್ನು ಚರ್ಚಿನ ಸೂಚನಾ ಫಲಕದಲ್ಲಿ ಹಾಗೂ ಧರ್ಮಕೇಂದ್ರದ ಪತ್ರಿಕೆಯಲ್ಲಿ ಪ್ರಕಟಿಸುವಂತೆ ಕಾರ್ಯದರ್ಶಿಗಳಲ್ಲಿ ವಿನಂತಿಸುತ್ತೇವೆ.